ಛತ್ರಿಗಳ ನೆರಳಲ್ಲಿ ಆರು ಬಾಟಲಿ

ಹೆಂಡತಿ ಸ್ಟೂಲಿನ ಮೇಲೆ ನಿಂತು ಅಟ್ಟದ ಧೂಳು ಹೊಡೆಯುತ್ತಿದ್ದಳು. ಗಂಡ ಕೆಳಗೆ ಸ್ಟೂಲು ಹಿಡಿದುಕೊಂಡು, ಬಿದ್ದ ಧೂಳನ್ನೆಲ್ಲ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದ. ಅವನ ಕಸುಬು ಛತ್ರಿ ರಿಪೇರಿ. ಬೀದಿಯವರು ಅವನನ್ನು ಕರೆಯುವುದೂ ಛತ್ರಿ ಎಂದೇ. ಆ ಮಾತಿಗೆ ಇನ್ನೊಂದು ಅರ್ಥವಿದೆಯಲ್ಲ, ಅದಕ್ಕೆ ಬೇಕಾದ ಚುರುಕು ಪಾಪ ಅವನಲ್ಲಿ ಎಳ್ಳಷ್ಟೂ ಇರಲಿಲ್ಲ.

ಇದ್ದದ್ದು ಒಂದು ಕೋಣೆ, ಒಂದು ಅಡುಗೆಮನೆ. ಕೋಣೆಯ ತುಂಬ ಛತ್ರಿಗಳು ಬಾವಲಿಗಳಂತೆ ತಲೆಕೆಳಗಾಗಿ ನೇತಾಡುತ್ತಿದ್ದವು. ಕಿಟಕಿಗೂ ಛತ್ರಿಯೇ ಪರದೆ. ಮಲಗಿದಾಗ ಮಗ್ಗುಲು ಬದಲಿಸಿದರೆ ಯಾವುದಾದರೊಂದು ಕಡ್ಡಿ ಪಕ್ಕೆಗೆ ಚುಚ್ಚುತ್ತಿತ್ತು. ಆ ಸಂಜೆ ಹೆಂಡತಿಯ ತಮ್ಮ ಬರುವವನಿದ್ದ. ಅವನದು ಬಿಯರ್ ಭಟ್ಟಿ. ಭಟ್ಟಿಯ ಪಕ್ಕದಲ್ಲಿ ಬೀದಿಗೆ ಮುಖಮಾಡಿದ ಅವನ ಅಂಗಡಿಯೊಂದು ಖಾಲಿಯಾಗಿತ್ತು. ಅದನ್ನು ಭಾವನಿಗೆ ಕೊಡುವುದೋ, ಚಿಕ್ಕಪ್ಪನ ಮಗನಿಗೆ ಕೊಡುವುದೋ ಎಂದು ಹೇಳಲಿಕ್ಕೇ ಬರುತ್ತಿದ್ದ. ಅಂಗಡಿ ಸಿಕ್ಕರೆ ಛತ್ರಿಗಳೆಲ್ಲ ಅಲ್ಲಿಗೆ ಹೋಗಿ, ಮನೆ ಮನೆಯಾಗುತ್ತಿತ್ತು.

“ರೀ, ಇದೇನಿದು?”

ಅವಳ ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಕಟ್ಟಿದ ದಾರ ಕಟ್ಟಿದ ಹಾಗೇ ಇತ್ತು. ಒಳಗೆ ಆರು ಬಾಟಲಿ. ಎರಡು ವರ್ಷದ ಹಿಂದೆ ತಮ್ಮ ಹೊಸದಾಗಿ ತಯಾರಿಸಿ ಕಳಿಸಿದ್ದ ಬಿಯರು. ಚೀಟಿಯ ಮೇಲೆ ಹೀಗೆ ಅಚ್ಚಾಗಿತ್ತು: ‘ಹಾಪ್ಸ್ ಹೂವಿನ ಕಹಿ ಬಿಯರ್. ಬಲು ಖಡಕ್. ಪರಿಮಳ ಹಾರುವ ಮೊದಲೇ, ತಾಜಾ ಇರುವಾಗಲೇ ಕುಡಿಯಿರಿ.’

“ಕುಡಿದೆ, ಅಮೃತ ಇದ್ದ ಹಾಗಿತ್ತು ಅಂತ ಫೋನಲ್ಲಿ ಹೇಳಿದ್ರಲ್ಲ ಅವನಿಗೆ!”

“ಒಳ್ಳೇ ದಿನ ನೋಡಿ ಕುಡಿಯೋಣ ಅಂತ ಇಟ್ಟಿದ್ದೆ ಕಣೇ.”

“ಮದುವೆಗೆ ಬಂದ ಕಂಬಳೀನೂ ಹೀಗೇ ಇಟ್ರಿ. ಕೊನೆಗೆ ನುಸಿಗಳು ಅದನ್ನ ಹೊದ್ಕೊಂಡು ಮಲಗಿದ್ವು. ಕಾಗದ? ಕಾಗದ ಬರೆದ್ರೋ ಇಲ್ವೋ?”

ತನ್ನ ಬಿಯರ್ ಕುಡಿದವರು ಬರೆದ ಕಾಗದಗಳನ್ನು ಭಟ್ಟಿಯ ಗೋಡೆಗೆ ಅಂಟಿಸುವುದು ತಮ್ಮನ ಚಟ. ಛತ್ರಿಯೂ ಬರೆಯಲು ಶುರು ಮಾಡಿದ್ದ. ‘ಪ್ರೀತಿಯ ಭಾವಮೈದುನನಿಗೆ, ನೀನು ಕಳಿಸಿದ ಬಿಯರ್’ ಎಂಬಲ್ಲಿಗೆ ನಿಂತ ಆ ಹಾಳೆ, ಕಡ್ಡಿಗಳ ಡ್ರಾಯರಿನಲ್ಲಿ ಎರಡು ವರ್ಷದಿಂದ ಮಲಗಿತ್ತು. ಕುಡಿಯದೆ ಮುಂದೆ ಏನಂತ ಬರೆಯುವುದು?

“ಸಂಜೆ ಅವನೆದುರಿಗೇ ತೆಗೆದು ಕುಡಿದರಾಯ್ತು ಬಿಡು” ಎಂದ.

“ಕೆಟ್ಟಿದ್ರೆ?”

ಛತ್ರಿ ಒಂದು ಬಾಟಲಿಯ ಮುಚ್ಚಳ ತೆಗೆದ. ಕೆಟ್ಟಿದೆಯೋ ಇಲ್ಲವೋ ನೋಡಲು ಕೆಳಮನೆಯ ಕಾಂಪೌಂಡರ್ ಬಂದರು. ಯಾರೂ ಕರೆದಿರಲಿಲ್ಲ. ಆ ಬೀದಿಯಲ್ಲಿ ಮುಚ್ಚಳ ತೆಗೆದ ಸದ್ದಾದರೆ ಸಾಕು, ಅವರ ಚಪ್ಪಲಿ ಮೆಟ್ಟಿಲ ಮೇಲಿರುತ್ತಿತ್ತು. ಮೂಸಿದರು, ಬೆಳಕಿಗೆ ಹಿಡಿದರು, ಗುಟುಕರಿಸಿದರು.

“ಹೂವಿನ ವಾಸನೆ ಸತ್ತೇ ಹೋಗಿದೆ ಕಣಯ್ಯಾ. ಕಹೀನೂ ಕುಂಟ್ತಾ ಇದೆ. ಸುಟ್ಟ ಸಕ್ಕರೆ, ಒಣದ್ರಾಕ್ಷಿ... ಇದೇ ಔಷಧಿ ಆಗಿದ್ದಿದ್ರೆ ನಾನು ಮೋರಿಗೆ ಸುರೀತಿದ್ದೆ.”

ಹಾಗೆಂದವರು ಬಾಟಲಿ ಮುಗಿಸಿದರು. ಒಂದರ ಮೇಲೆ ತೀರ್ಪು ಕೊಡುವುದು ಅನ್ಯಾಯವೆಂದು ಎರಡನೆಯದನ್ನೂ ಮುಗಿಸಿದರು.

ಅಷ್ಟರಲ್ಲಿ ಎದುರಿನ ಬೇಕರಿಯವನು ತೋಳಿನ ಹಿಟ್ಟು ಕೊಡವಿಕೊಳ್ಳುತ್ತ ಬಂದ. “ಪರಿಮಳ ಹೋದ್ರೆ ಹಾಕಿದ್ರಾಯ್ತು! ನನ್ನ ಹತ್ರ ಕಿತ್ತಳೆ ಸಿಪ್ಪೆ ಇದೆ.” ಸಿಪ್ಪೆ ಹಾಕಿದ ಮೂರನೆಯ ಬಾಟಲಿ ಕೆಮ್ಮಿನ ಕಷಾಯದಂತಾಯಿತು. “ತಣ್ಣಗಾದ್ರೆ ರುಚಿ ಯಾರಿಗೂ ಗೊತ್ತಾಗಲ್ಲ” ಎಂದು ಎರಡನ್ನು ತನ್ನ ಐಸ್‌ಕ್ರೀಮ್ ಪೆಟ್ಟಿಗೆಯಲ್ಲಿ ಹೂತಿಟ್ಟ. ಒಂದೆರಡು ಗಂಟೆ ಬಿಟ್ಟು ನೋಡಿದರೆ ಎರಡೂ ಸೀಳಿಹೋಗಿ, ಅದರಲ್ಲಿಟ್ಟಿದ್ದ ಕೇಕುಗಳೆಲ್ಲ ಬಿಯರ್ ಸ್ನಾನ ಮಾಡಿದ್ದವು.

ಉಳಿದದ್ದು ಒಂದೇ ಒಂದು.

“ನಿಮ್ಮ ಉಪಕಾರ ಸಾಕು!” ಹೆಂಡತಿ ಪೊರಕೆಯನ್ನು ಬಲಗೈಗೆ ಬದಲಿಸಿಕೊಂಡಳು. ಅದನ್ನು ನೋಡಿದ ಕಾಂಪೌಂಡರ್‌ಗೆ ತಟ್ಟನೆ ಬುದ್ಧಿ ಓಡಿತು.

“ಖಾಲಿ ಬಾಟಲಿ ಇವೆಯಲ್ಲಮ್ಮಾ. ಪೇಟೆಯಿಂದ ತಾಜಾ ಕಹಿ ಬಿಯರ್ ತಂದು ತುಂಬೋದು. ಇವನು ಮುಚ್ಚಳ ಒತ್ತೋದು.”

ಬೇಕರಿಯವನು ಓಡಿ ಹೋಗಿ ತಂದ. ಎರಡು ಬಾಟಲಿ ತುಂಬಿದರು. ಛತ್ರಿ ತನ್ನ ಇಕ್ಕಳ ಹಿಡಿದು ಕೂತ. ಜೀವಮಾನವಿಡೀ ಛತ್ರಿಯ ತುದಿಗೆ ತಗಡಿನ ಟೋಪಿ ಒತ್ತಿದ ಕೈ; ಮುಚ್ಚಳ ಭಟ್ಟಿಯಲ್ಲಿ ಹಾಕಿದಂತೆಯೇ ಕೂತಿತು. ಹಳೆಯದನ್ನು ಚೆಲ್ಲಿಬಿಡು ಎಂದರೆ ಮಾತ್ರ ಅವನಿಗೆ ಮನಸ್ಸು ಬರಲಿಲ್ಲ. ಇದನ್ನು ಕೊಡಬಾರದು ಎಂಬ ಗುರುತಿಗೆ ಅದರ ಹೆಗಲ ಮೇಲೆ ಸೀಮೆಸುಣ್ಣದ ಗೀಟು ಹಾಕಿ, ಮೂರನ್ನೂ ಮೇಜಿನ ಮೇಲಿಟ್ಟು ಮುಖ ತೊಳೆಯಲು ಹೋದ.

ತಿರುಗಿ ಬರುವಷ್ಟರಲ್ಲಿ ಹೆಂಡತಿಯ ತಮ್ಮ ಬಂದು ಕುರ್ಚಿಯಲ್ಲಿ ಕೂತಿದ್ದ. ಮೇಜಿನ ಮೇಲೆ ಮೂರು ಬಾಟಲಿಗಳೂ ಫಳಫಳ ಹೊಳೆಯುತ್ತಿದ್ದವು.

“ಗೀಟು ಎಲ್ಲೇ?” ಎಂದು ಛತ್ರಿ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ.

“ಧೂಳು ಅಂದ್ಕೊಂಡು ಒದ್ದೆ ಬಟ್ಟೇಲಿ ಒರೆಸಿಬಿಟ್ಟೆ ಕಣ್ರೀ!”

“ಏನು ಭಾವ, ನಂದೇ ಬಿಯರು ಉಳಿಸಿದ್ದೀರಾ?” ಎಂದ ತಮ್ಮ, ಕೈಗೆ ಸಿಕ್ಕಿದ್ದನ್ನು ತಾನೇ ತೆಗೆದು ಲೋಟಕ್ಕೆ ಬಗ್ಗಿಸಿದ. ಬಂದದ್ದು ಹೊಂಬಣ್ಣವಲ್ಲ, ಹಳೆಯದರ ಕಂದು ಬಣ್ಣ. ಕಾಂಪೌಂಡರ್ ಮೆಟ್ಟಿಲ ಕಡೆ ನೋಡಿದರು. ಬೇಕರಿಯವನಿಗೆ ಒಲೆಯಲ್ಲಿಟ್ಟ ಬ್ರೆಡ್ಡಿನ ನೆನಪಾಯಿತು.

ತಮ್ಮ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ. ಛತ್ರಿಗೆ ಅಂಗಡಿಯ ಬಾಗಿಲು ಮುಚ್ಚಿದಂತೆಯೇ ಆಯಿತು.

“ನಾನೇ ಹಾಳು ಮಾಡಿದೆ ಕಣಪ್ಪಾ” ಎಂದುಬಿಟ್ಟ. “ಎರಡು ವರ್ಷ ಅಟ್ಟದ ಮೇಲೇ ಇಟ್ಟಿದ್ದೆ.”

“ಹಾಳು? ಭಾವ, ಇದನ್ನೇ ನಾನು ಹುಡುಕ್ತಾ ಇದ್ದದ್ದು!” ತಮ್ಮ ಎದ್ದು ನಿಂತ. “ಹೂವಿನ ಅಬ್ಬರ ಇಳಿದು ಒಳಗಿನ ಖಡಕ್ಕು ಹಣ್ಣಾಗಿದೆ. ಹೀಗೆ ಹಣ್ಣು ಮಾಡೋಕೆ ನಾನೂ ಇಟ್ಟು ನೋಡಿದೆ. ಭಟ್ಟಿಯ ಕಾವಿಗೆ ಎಲ್ಲಾ ಒದ್ದೆ ರಟ್ಟು ಅಗಿದ ಹಾಗಾಯ್ತು. ಎಲ್ಲಿ, ಯಾವ ಅಟ್ಟ?”

ಸ್ಟೂಲು ಹತ್ತಿದ. ಗೋಡೆ ಮುಟ್ಟಿ ನೋಡಿದ, ತಣ್ಣಗಿತ್ತು. ಸುತ್ತಲೂ ಕರಿ ಛತ್ರಿಗಳು. ಹಗಲಲ್ಲೂ ಒಂದು ಬೆಳಕಿನ ಎಳೆ ಒಳಗೆ ಬರುವಂತಿರಲಿಲ್ಲ.

“ಎಂಥಾ ಕತ್ತಲೆ! ಎಂಥಾ ತಂಪು!” ಅಲ್ಲಿಂದಲೇ ಕೂಗಿದ. “ಅಕ್ಕಾ, ಈ ಛತ್ರಿಗಳಲ್ಲಿ ಒಂದನ್ನೂ ಅಲುಗಿಸಬೇಡಿ.”

“ಮತ್ತೆ ಅಂಗಡಿ?” ಅಕ್ಕನ ದನಿ ಸಣ್ಣಗಾಯಿತು.

“ಅದನ್ನ ಚಿಕ್ಕಪ್ಪನ ಮಗನಿಗೆ ಕೊಡ್ತೀನಿ ಬಿಡು. ಛತ್ರಿ ಅಲ್ಲಿಗೆ ಹೋದ್ರೆ ಬಿಯರ್‌ಗೆ ನೆರಳು ಯಾರು ಕೊಡ್ತಾರೆ? ಭಾವ, ನೀವು ಈ ಮನೆ ಬಿಡಲೇಬಾರದು. ನಾಳೆನೇ ಮೂವತ್ತು ಪೆಟ್ಟಿಗೆ ಕಳಿಸ್ತೀನಿ. ಈ ಎರಡು ಬಾಟಲೀನೂ ಅಟ್ಟದಲ್ಲೇ ಇರ್ಲಿ, ಇನ್ನೂ ಎರಡು ವರ್ಷ ಬಿಟ್ಟು ನಾನೇ ಬಂದು ತೆಗೀತೀನಿ.”

ಪೇಟೆಯ ಬಿಯರ್ ತುಂಬಿದ ಆ ಎರಡು ಬಾಟಲಿಗಳನ್ನು ತನ್ನ ಕೈಯಾರೆ ಅಟ್ಟಕ್ಕೇರಿಸಿ, ಭಾವನನ್ನು ಅಪ್ಪಿಕೊಂಡು ಹೋದ.

ಮಾರನೆಯ ದಿನ ಪೆಟ್ಟಿಗೆಗಳು ಬಂದವು. ಅಟ್ಟ ತುಂಬಿತು, ಮಂಚದ ಅಡಿ ತುಂಬಿತು, ಮಿಕ್ಕವು ಮಂಚದ ಮೇಲೆ ಕೂತವು. ಛತ್ರಿ ಡ್ರಾಯರಿನಿಂದ ಹಳೆಯ ಹಾಳೆ ತೆಗೆದ. ‘ನೀನು ಕಳಿಸಿದ ಬಿಯರ್’ ಎಂಬ ಮಾಸಿದ ಶಾಯಿಯ ಮುಂದೆ ಕಪ್ಪಗೆ ಹೊಸದಾಗಿ ಬರೆದ: ‘ತಾಜಾ ಇರುವಾಗಲೇ ಚೆನ್ನ. ದಯವಿಟ್ಟು ಬೇಗ ಬಂದು ಎಲ್ಲವನ್ನೂ ಒಯ್ಯಿ, ಕುಡಿ. ಇಡಬೇಡ.’

ಲಕೋಟೆ ಅಂಟಿಸಿ, ಒಳ್ಳೇ ದಿನ ನೋಡಿ ಹಾಕಿದರಾಯಿತೆಂದು ಅದನ್ನು ಡ್ರಾಯರಿನ ಕಡೆಗೆ ಒಯ್ಯುತ್ತಿದ್ದ. ಹೆಂಡತಿ ಚಪ್ಪಲಿ ತಂದು ಅವನ ಕಾಲ ಬಳಿ ಇಟ್ಟಳು.

“ಇದನ್ನಾದ್ರೂ ಹಣ್ಣಾಗೋಕೆ ಬಿಡಬೇಡಿ. ಏಳಿ.”

ಅವಳೇ ಅಂಚೆ ಡಬ್ಬಿಯ ತನಕ ಜೊತೆಗೆ ಬಂದಳು. ಕಾಗದ ಒಳಗೆ ಬಿದ್ದ ಸದ್ದು ಕೇಳಿದ ಮೇಲೇ ಇಬ್ಬರೂ ಮನೆಯತ್ತ ತಿರುಗಿದರು.