ವೇದಿಕೆ ಹತ್ತಿದ ಗೋದಡಿ

ಬಟ್ಟೆ ಹೊಲಿಯುವವರ ಬದುಕಿನಲ್ಲಿ ಹೇಳುವಂಥದ್ದು ಎಂತ ಉಂಟು ಎಂದು ಕೇಳುವವರಿದ್ದಾರೆ. ಏನೂ ನಡೆಯದ ವಾರವನ್ನು ನಾನಂತೂ ಕಂಡದ್ದು ಕಡಿಮೆ. ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನ ಹಿಂದೆ, ಕಂಡಕ್ಟರುಗಳ ಕೂಗಿನಲ್ಲಿ ಮೆಷಿನಿನ ಸದ್ದು ಮುಳುಗಿಹೋಗುವ ಒಂದು ಕೋಣೆಯಲ್ಲಿ ನಾನು ರವಕೆ, ಲಂಗದ ಜೊತೆಗೆ ಗೋದಡಿಯನ್ನೂ ಹೊಲಿಯುತ್ತಿದ್ದೆ. ಘಟ್ಟದ ಮೇಲಿನವರು ಅದನ್ನು ಕೌದಿ ಎನ್ನುತ್ತಾರೆ. ಹಳೆ ಬಟ್ಟೆಯ ತುಂಡುಗಳನ್ನು ಜೋಡಿಸಿ, ಪದರದ ಮೇಲೆ ಪದರ ಇಟ್ಟು, ಕೈಸೂಜಿಯಲ್ಲಿ ಸಾಲಾಗಿ ಹೊಲಿಗೆ ಹಾಕಿದ ಹೊದಿಕೆ. ಹೊಸ ಬಟ್ಟೆ ತರುವವರು ಅಳತೆ ಕೊಟ್ಟು ಹೋಗುತ್ತಾರೆ. ಹಳೆ ಬಟ್ಟೆ ತರುವವರು ಹೋಗುವುದೇ ಇಲ್ಲ. ಕೂತು ಆ ಬಟ್ಟೆಯ ಕತೆ ಹೇಳುತ್ತಾರೆ. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಹಾಗೊಂದು ಕತೆ ನನ್ನನ್ನು ವಾರವಿಡೀ ಊರೂರು ಸುತ್ತಿಸಿತು.

ಸದ್ದಾಗದ ಹಾಗೆ

ಫರಂಗಿಪೇಟೆಯ ಉಮ್ಮ ಬಂದದ್ದು ಒಂದು ದೊಡ್ಡ ಕಟ್ಟು ಅಂಗಿಗಳೊಂದಿಗೆ. ಉಮ್ಮ ಎಂದರೆ ಬ್ಯಾರಿಗಳ ಮಾತಿನಲ್ಲಿ ತಾಯಿ; ನನ್ನ ತಾಯಿ ಅಲ್ಲ, ನಾನು ಹಾಗೆ ಕರೆಯುವುದು. ಅವರ ಗಂಡ ಬದುಕಿನ ಮುಕ್ಕಾಲು ಭಾಗ ಗಲ್ಫಿನ ಅಂಗಡಿಯೊಂದರಲ್ಲಿ ದುಡಿದು, ಇನ್ನು ಊರಲ್ಲೇ ಇರುತ್ತೇನೆ ಎಂದು ಬಂದವರು, ಇರಲಿಕ್ಕೆ ಆಗಲಿಲ್ಲ. ತೀರಿಕೊಂಡರು. ಆಮೇಲೆ ಮಗಳಿಗೆ ಮಗು ಹುಟ್ಟಿತು. ಅಜ್ಜನನ್ನು ನೋಡದ ಆ ಮಗು ಅಜ್ಜನ ಅಂಗಿಗಳ ಗೋದಡಿಯಲ್ಲಾದರೂ ಮಲಗಲಿ ಎಂಬುದು ಉಮ್ಮನ ಆಸೆ.

"ಒಂದು ಅಂಗಿಯ ಕಿಸೆ ಮಾತ್ರ ಹಾಗೇ ಇರಲಿ. ಮಗು ಕೈ ಹಾಕಲಿಕ್ಕೆ," ಎಂದರು.

ನಾನು ಕತ್ತರಿ ಎತ್ತಿದೆ. "ಅಯ್ಯೋ, ಅದು ಬೇಡ. ಅದು ಮಗಳ ಮದುವೆಗೆ ಹಾಕಿದ್ದು." ಇನ್ನೊಂದು ತೆಗೆದೆ. "ಅದರಲ್ಲಿ ಇನ್ನೂ ಅತ್ತರಿನ ಪರಿಮಳ ಉಂಟು ಮಾರಾಯ್ತಿ." ಮತ್ತೊಂದು. "ಅದು ಅವರು ವಿಮಾನ ಇಳಿದು ಬಂದ ದಿನದ್ದು." ಹೀಗೆ ಒಂದೊಂದೇ ಅಂಗಿ ಅವರ ಮಡಿಲಿಗೆ ವಾಪಸು ಹೋಯಿತು. ನನ್ನ ಮುಂದೆ ಬರಿಯ ಕತ್ತರಿ ಉಳಿಯಿತು.

"ಉಮ್ಮ, ಎಂತ ಮಾಡುವ ಹೇಳಿ."

ಅವರು ಸ್ವಲ್ಪ ಹೊತ್ತು ಅಂಗಿಗಳ ಮೇಲೆ ಕೈಯಾಡಿಸಿದರು. ಆಮೇಲೆ ಎಲ್ಲವನ್ನೂ ನನ್ನ ಕಡೆ ದೂಡಿ ಗೋಡೆಗೆ ಮುಖ ಮಾಡಿ ಕೂತರು.

"ನಾನು ನೋಡುವುದಿಲ್ಲ. ನೀನು ಕತ್ತರಿಸು. ಸದ್ದಾಗದ ಹಾಗೆ ಕತ್ತರಿಸು."

ಸದ್ದಾಗದ ಕತ್ತರಿಯನ್ನು ನಾನು ಎಲ್ಲಿಂದ ತರಲಿ? ಪಕ್ಕದ ಅಂಗಡಿಯವರಿಗೆ ಹೇಳಿ ರೇಡಿಯೋ ಜೋರು ಮಾಡಿಸಿದೆ. ಕೃಷಿಕರ ಕಾರ್ಯಕ್ರಮ ಬರುತ್ತಿತ್ತು. ಉಮ್ಮನ ಗಂಡನ ಅಂಗಿಗಳೆಲ್ಲ ತೆಂಗಿನ ನುಸಿ ರೋಗದ ಬಗ್ಗೆ ಕೇಳುತ್ತಾ ತುಂಡಾದವು.

ಭಾರವಾದ ಸನ್ಮಾನ

ಗೋದಡಿ ಮುಗಿದದ್ದು ಸೋಮವಾರ. ಮರುದಿನ ಮೂಡಬಿದ್ರೆಯಲ್ಲಿ ಮಹಿಳಾ ಮಂಡಲದ ಕಸೂತಿ, ಹೊಲಿಗೆಯ ಪ್ರದರ್ಶನ. ನೀವೂ ಏನಾದರೂ ತನ್ನಿ ಎಂದು ಕರೆದಿದ್ದರು. ಉಮ್ಮನನ್ನು ಕೇಳಿದೆ. "ತೋರಿಸಿ ತಾ. ಆದರೆ ಭಾನುವಾರ ಮಗುವಿನ ಮುಡಿ ತೆಗೆಯುವುದುಂಟು, ಅಷ್ಟರೊಳಗೆ ಬೇಕು," ಎಂದರು.

ಸಭಾಂಗಣದಲ್ಲಿ ವೇದಿಕೆಯ ಪಕ್ಕವೇ ಹಗ್ಗ ಕಟ್ಟಿ ಗೋದಡಿ ತೂಗುಹಾಕಿದರು. ಮುಖ್ಯ ಅತಿಥಿಯಾಗಿ ಬಂದವರು ಅಳದಂಗಡಿ ಕಡೆಯ ಒಬ್ಬ ಮುಖಂಡರು. ಬಿಳಿ ಅಂಗಿ, ಬಿಳಿ ಪಂಚೆ, ದೊಡ್ಡ ಸ್ವರ. ಉದ್ಘಾಟನೆ ಆಯಿತು. "ಈಗ ಅತಿಥಿಗಳಿಗೆ ಶಾಲು ಹೊದಿಸಿ ಸನ್ಮಾನ," ಎಂದು ಮೈಕಿನಲ್ಲಿ ಹೇಳಿಯೂ ಆಯಿತು. ಶಾಲು ಇಲ್ಲ! ಅದನ್ನು ತರಬೇಕಾದವಳು ಬಸ್ಸಿನಲ್ಲೇ ಬಿಟ್ಟು ಇಳಿದಿದ್ದಳು. ಮಂಡಲದ ಕಾರ್ಯದರ್ಶಿ ಅತ್ತಿತ್ತ ನೋಡಿದರು. ಜನ ಚಪ್ಪಾಳೆಗೆ ಕೈ ಎತ್ತಿ ಕೂತಿದ್ದರು. ಕಾರ್ಯದರ್ಶಿ ಹಗ್ಗಕ್ಕೆ ಕೈ ಹಾಕಿದರು, ಗೋದಡಿ ಎಳೆದರು, ಮುಖಂಡರಿಗೆ ಹೊದಿಸಿಯೇ ಬಿಟ್ಟರು.

ಬೇಸಿಗೆಯ ಮಧ್ಯಾಹ್ನ. ಕರೆಂಟು ಬೇರೆ ಹೋಯಿತು. ಆ ಮಹಾಶಯರು ಅಷ್ಟು ದಪ್ಪದ ಗೋದಡಿ ಹೊದ್ದು, ಬೆವರು ಇಳಿಸಿಕೊಂಡು ಭಾಷಣ ಮಾಡಿದರು. "ಎಷ್ಟೋ ಸನ್ಮಾನ ಪಡೆದಿದ್ದೇನೆ. ಇಷ್ಟು ತೂಕದ್ದು ಇದೇ ಮೊದಲು."

ಮುಗಿದ ಮೇಲೆ ಬಿಡಿಸಿಕೊಳ್ಳುವ ಎಂದು ನಾನು ಮೆಟ್ಟಿಲ ಹತ್ತಿರ ಕಾದೆ. ಅವರು ಇನ್ನೊಂದು ಬಾಗಿಲಿನಿಂದ ಇಳಿದು ಜೀಪು ಹತ್ತಿದ್ದರು. ನಾನು ಹಿಂದೆ ಓಡಿದೆ. "ಗೋದಡಿ, ಗೋದಡಿ!" ಎಂದು ಎರಡೂ ಕೈ ಬೀಸಿದೆ. ಅವರು ಹೊರಗೆ ಬಗ್ಗಿ ಪ್ರೀತಿಯಿಂದ ನನಗೂ ಕೈ ಬೀಸಿದರು.

ಹಿಂದಿನ ಸಾಲಿನವರು

ಉಮ್ಮನಿಗೆ ಇದನ್ನು ಹೇಳಬೇಕಲ್ಲ. ಬುಧವಾರ ಹೋಗಿ ಅವರ ಮನೆಯ ಮೆಟ್ಟಿಲಲ್ಲಿ ಕೂತೆ. ಒಳಗೆ ಮಗಳು ಮಗುವನ್ನು ಮೀಯಿಸುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಉಮ್ಮ ಮೊರದಲ್ಲಿದ್ದ ಅಕ್ಕಿಯಿಂದ ಕಲ್ಲು ಹೆಕ್ಕುತ್ತಿದ್ದವರು ಹಾಗೇ ಹೆಕ್ಕುತ್ತಾ ಇದ್ದರು. ಕಣ್ಣು ತುಂಬಿ ಕಲ್ಲು ಯಾವುದು, ಅಕ್ಕಿ ಯಾವುದು ಎಂದು ಕಾಣದಾದಾಗ ಮೊರ ಕೆಳಗಿಟ್ಟರು.

"ಬೈಯಿರಿ ಉಮ್ಮ," ಎಂದೆ.

"ನನ್ನವರಿಗೆ ಎಷ್ಟು ನಾಚಿಕೆ ಗೊತ್ತುಂಟಾ? ಮಗಳ ಮದುವೆಯ ಫೋಟೋದಲ್ಲಿ ಕೂಡ ಹಿಂದಿನ ಸಾಲಿನಲ್ಲಿ ನಿಂತದ್ದು. ಬರಿಯ ಟೊಪ್ಪಿ ಕಾಣುತ್ತದೆ." ಸೆರಗಿನಿಂದ ಮುಖ ಒರೆಸಿಕೊಂಡರು. "ಬದುಕಿದ್ದಾಗ ಒಂದು ದಿನ ಸಭೆಗೆ ಹೋಗದ ಮನುಷ್ಯನನ್ನು ಸತ್ತ ಮೇಲೆ ವೇದಿಕೆ ಹತ್ತಿಸಿ ಚಪ್ಪಾಳೆ ಹೊಡೆಸಿದೆಯಲ್ಲ ಮಾರಾಯ್ತಿ!"

ಅಜ್ಜಿಯ ನ್ಯಾಯ

ಗುರುವಾರ ಇಬ್ಬರೂ ಬೆಳ್ತಂಗಡಿಯ ಬಸ್ಸು ಹಿಡಿದು, ಅಲ್ಲಿಂದ ಬಸ್ಸು ಬದಲಿಸಿ ಅಳದಂಗಡಿಗೆ ಹೋದೆವು. ಮುಖಂಡರ ಮನೆ ಕೇಳಿದರೆ ಎಲ್ಲರೂ ತೋರಿಸಿದರು. ಅವರು ಮಾತ್ರ ಮನೆಯಲ್ಲಿ ಇರಲಿಲ್ಲ. ಚಾವಡಿಯ ಮಂಚದಲ್ಲಿ ಅವರ ತಾಯಿ ಮಲಗಿದ್ದರು. ಸಣಕಲು ಅಜ್ಜಿ. ಹೊದ್ದದ್ದು ನಮ್ಮ ಗೋದಡಿ. ಒಂದು ಕೈ ಕಿಸೆಯೊಳಗೆ.

"ಯಾರು ಹೊಲಿದದ್ದೋ, ಬುದ್ಧಿ ಉಂಟು," ಎಂದರು ಅಜ್ಜಿ ನಾವು ಕೂತ ಕೂಡಲೇ. "ಎಲೆ ಅಡಿಕೆ ಇಡಲಿಕ್ಕೆ ಕಿಸೆ ಕೂಡ ಇಟ್ಟಿದ್ದಾರೆ. ಮಗ ತಂದು ಕೊಟ್ಟ ಮೇಲೆ ಚಳಿ ಬಿಟ್ಟಿತು. ಪ್ರಾಯ ಆದ ಮೇಲೆ ಸೆಕೆಯಲ್ಲೂ ಚಳಿ, ನೋಡಿ."

ನಾನು ಉಮ್ಮನ ಮುಖ ನೋಡಿದೆ. ಕೇಳಲಿಕ್ಕೆ ಬಂದವರು ಮಂಚದ ಹತ್ತಿರ ಹೋಗಿ ಗೋದಡಿಯ ಅಂಚನ್ನು ಅಜ್ಜಿಯ ಕಾಲಿಗೆ ಸರಿಯಾಗಿ ಹೊದಿಸಿದರು. "ಇರಲಿ ಮಗಳೇ, ನಾವು ಹೋಗುವ," ಎಂದು ನನ್ನಲ್ಲಿ ಮೆಲ್ಲಗೆ ಹೇಳಿದರು.

ಅಜ್ಜಿಯ ಕಿವಿ ಚುರುಕು. "ಎಂತದು? ಇಷ್ಟು ದೂರ ಬಂದವರು ಸುಮ್ಮನೆ ಹೋಗುವುದಾ?" ಬಿಡಲಿಲ್ಲ. ಕೊನೆಗೆ ಉಮ್ಮನೇ ಹೇಳಿದರು, ಇದು ಯಾರ ಅಂಗಿಗಳು, ಯಾವ ಮಗುವಿಗೆ ಎಂದು. ಅಜ್ಜಿ ಮೆಲ್ಲಗೆ ಎದ್ದು ಕೂತರು. ಕಿಸೆಯಿಂದ ಎಲೆ ಅಡಿಕೆ ತೆಗೆದರು. ಬಟ್ಟೆಯನ್ನು ಎರಡೂ ಕೈಯಲ್ಲಿ ಸವರಿದರು.

"ನನ್ನವರು ಹೋಗಿ ಎಷ್ಟೋ ಕಾಲ ಆಯಿತು. ಒಂದು ಅಂಗಿ ಇಟ್ಟುಕೊಳ್ಳಬೇಕೆಂದು ನನಗೆ ತೋಚಲೇ ಇಲ್ಲ," ಎಂದರು.

"ಹೊದ್ದುಕೊಳ್ಳಿ ಅಜ್ಜಿ. ಮಗುವಿಗೆ ಬೇರೆ ಹೊಲಿಸುತ್ತೇನೆ," ಎಂದರು ಉಮ್ಮ. ಬೇರೆ ಅಂಗಿ ಇರಲಿಲ್ಲ ಎಂದು ನನಗೆ ಗೊತ್ತಿತ್ತು.

"ಛೆ! ತೆಗೆದುಕೊಂಡು ಹೋಗಿ. ಬೇರೆಯವರ ಗಂಡನನ್ನು ಹೊದ್ದು ಮಲಗುವ ಪ್ರಾಯವಾ ನನ್ನದು?"

ಉಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಅಳುವುದೆಂದುಕೊಂಡೆ. ನಗುತ್ತಿದ್ದರು. ಗಂಡ ಹೋದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಅಜ್ಜಿಯೂ ನಗಲಿಕ್ಕೆ ಶುರುಮಾಡಿದರು. ನಕ್ಕು ನಕ್ಕು ಇಬ್ಬರಿಗೂ ಕಣ್ಣೀರು ಬಂತು; ಅದರಲ್ಲಿ ನಗುವಿನದ್ದು ಎಷ್ಟು, ಬೇರೆಯದ್ದು ಎಷ್ಟು ಎಂದು ನಾನು ಕೇಳಲಿಲ್ಲ.

ಆಮೇಲೆ ಅಜ್ಜಿ ನನ್ನನ್ನು ಕರೆದು ಮಗನ ಕಪಾಟು ತೆರೆಸಿದರು. ಇಸ್ತ್ರಿ ಹಾಕಿದ ಬಿಳಿ ಅಂಗಿಗಳ ರಾಶಿ. "ಎಲ್ಲ ಕಟ್ಟು. ನನಗೂ ಒಂದು ಗೋದಡಿ ಹೊಲಿ. ಕಿಸೆ ಮರೆಯಬೇಡ."

ಅಷ್ಟರಲ್ಲಿ ಜೀಪು ಬಂತು. ಮುಖಂಡರು ಬಾಗಿಲಲ್ಲೇ ನಿಂತರು. "ಅಮ್ಮಾ! ನಾಳೆ ಸಭೆ ಉಂಟು, ಎಂತ ಹಾಕಲಿ?"

"ಸತ್ತವರ ಅಂಗಿ ಹೊದ್ದು ಚಪ್ಪಾಳೆ ಹೊಡೆಸಿಕೊಂಡೆಯಲ್ಲ, ಈಗ ಬದುಕಿದ್ದವನದ್ದು ಕೊಡು," ಎಂದರು ಅಜ್ಜಿ. ಮುಖಂಡರು ಅಂಗಿಗಳ ಕಟ್ಟನ್ನು ತಾವೇ ಎತ್ತಿ ಬಸ್ಸಿನವರೆಗೆ ತಂದುಕೊಟ್ಟರು.

ಫರಂಗಿಪೇಟೆಯ ಊಟ

ಭಾನುವಾರ ಮಗುವಿನ ತಲೆಗೂದಲು ತೆಗೆದು, ಹೆಸರಿಟ್ಟು, ಗೋದಡಿಯ ಮೇಲೆ ಮಲಗಿಸಿದರು. ಅಜ್ಜನದ್ದೇ ಹೆಸರು. ಉಮ್ಮ ಆ ಹೆಸರನ್ನು ಬಾಯಿಬಿಟ್ಟು ಕರೆಯಲಾರದೆ ಹಣೆಗೆ ಮುತ್ತು ಕೊಟ್ಟರು.

ಹೊರಗೆ ಚಪ್ಪರದಲ್ಲಿ ಊಟದ ಗದ್ದಲ. ಕಿಟಕಿಯಿಂದ ನೋಡಿದರೆ ಕಂದು ಬಣ್ಣದ ಚೌಕುಳಿ ಅಂಗಿಯ ಒಬ್ಬರು ತುಪ್ಪದ ಅನ್ನದ ಬಕೆಟು ಹಿಡಿದು ಸಾಲಿನಲ್ಲಿ ಓಡುತ್ತಿದ್ದರು. "ಇಲ್ಲಿ ಅನ್ನ!" ಎಂದು ಒಂದು ಕಡೆ, "ನಮಗೆ ಬರಲೇ ಇಲ್ಲ!" ಎಂದು ಇನ್ನೊಂದು ಕಡೆ. ಎಲ್ಲೋ ನೋಡಿದ ಮುಖ. ಆಮೇಲೆ ಗೊತ್ತಾಯಿತು, ಅಳದಂಗಡಿಯ ಮುಖಂಡರು!

ನಡೆದದ್ದು ಇಷ್ಟು. ತಾಯಿ ಅವರ ಹೆಗಲಿಗೆ ಒಂದು ಬಾಳೆಗೊನೆ ಹೊರಿಸಿ, ಮಗುವನ್ನು ನೋಡಿ ಬಾ ಎಂದು ಕಳಿಸಿದ್ದರು. ಬಿಳಿ ಅಂಗಿ ಇಲ್ಲದ ಕಾರಣ ತೋಟದ ಅಂಗಿ. ಅಡುಗೆಯವರು ಗೊನೆ ತಂದ ಆಳು ಎಂದುಕೊಂಡು, "ಅದನ್ನು ಹಿಂದೆ ಇಡು, ಬಕೆಟು ಹಿಡಿ, ಜನ ಕಾಯುತ್ತಿದ್ದಾರೆ," ಎಂದರಂತೆ. ಇವರು ಹಿಡಿದರಂತೆ.

ಉಮ್ಮ ಗಾಬರಿಯಿಂದ ಅಂಗಳಕ್ಕೆ ಓಡಿದರು, ನಾನೂ ಹಿಂದೆ. "ತಪ್ಪಾಯಿತು, ಬಕೆಟು ಇಲ್ಲಿ ಕೊಡಿ, ನೀವು ಕೂತುಕೊಳ್ಳಿ!"

ಅವರು ಕೊಡಲಿಲ್ಲ. ತೋಳಿನಿಂದ ಹಣೆಯ ಬೆವರು ಒರೆಸಿಕೊಂಡು ಗಂಭೀರವಾಗಿ ಹೇಳಿದರು:

"ಬೇಡ ಉಮ್ಮ, ಈ ಸಾಲು ಮುಗಿಸಿಯೇ ಕೂರುತ್ತೇನೆ. ಇಷ್ಟು ವರ್ಷದಲ್ಲಿ ಜನ ಕೇಳಿದ್ದನ್ನು ನಾನು ಆ ಕೂಡಲೇ ಕೊಟ್ಟದ್ದು ಇವತ್ತು ಮಾತ್ರ."