ಕಪ್ ಹುಡುಕಿದ ನಾಯಿಯ ಊರು

ಭೀಮಶಿ ಅಲ್ಲಿಗೇ ಬಾಯಿ ಮುಚ್ಚಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಬಾಯಿ ಅವನ ಮಾತು ಕೇಳಬೇಕಲ್ಲ!

ಮುಧೋಳದ ಹೊಳಬಸಪ್ಪನ ಚಹಾದಂಗಡಿಯಲ್ಲಿ ರವಿವಾರ ಮುಂಜಾನೆ ಫುಟ್‌ಬಾಲ್ ಹುಚ್ಚರು ಸೇರುತ್ತಾರೆ. ಒಬ್ಬೊಬ್ಬರೂ ಆಟದ್ದೊಂದು, ಊರಿನದೊಂದು ಸಂಗತಿ ಹೇಳಬೇಕು, ಅದು ಪದ್ಧತಿ. ಆ ರವಿವಾರ ಸಂಜೆ ಊರಿನ ಟೂರ್ನಮೆಂಟಿನ ಫೈನಲ್ ಇತ್ತು. ಕಾಮೆಂಟ್ರಿಯ ಮೈಕ್ ಯಾರ ಕೈಗೆ ಎಂಬುದನ್ನು ನಿವೃತ್ತ ಮಾಸ್ತರ ಶಿವಯೋಗೆಪ್ಪನವರು ಅಲ್ಲೇ ತೀರ್ಮಾನಿಸುವವರಿದ್ದರು. ಆ ಮೈಕಿಗಾಗಿ ಭೀಮಶಿ ಎಂಟು ವರ್ಷ ಕಾದಿದ್ದ. ಕುರಿ ಮೇಯಿಸುತ್ತ ಕುರಿಗಳಿಗೇ ಕಾಮೆಂಟ್ರಿ ಹೇಳಿ ಗಂಟಲು ಪಳಗಿಸಿದ್ದ. "ಸಂಜಿಕಿ ನನ್ನ ದನಿ ಕೇಳಾಕ ಬಾ" ಎಂದು ಹೆಂಡತಿ ಮಾಲಾಳಿಗೆ ಹೇಳಿಯೇ ಮನೆ ಬಿಟ್ಟಿದ್ದ.

"ಅರವತ್ತಾರನೇ ಇಸವಿಯಾಗ ಇಂಗ್ಲೆಂಡಿನ್ಯಾಗ ವರ್ಲ್ಡ್ ಕಪ್ ಕಳುವಾತ್ರೀ," ಎಂದು ಶುರುಮಾಡಿದ. "ಪೊಲೀಸರು ಹುಡುಕಿ ಹುಡುಕಿ ಸಾಕಾದ್ರು. ಕಡೀಕ ಒಂದು ನಾಯಿ ಬೇಲಿ ಬುಡಕ ಮೂಸಿ ಹುಡುಕಿಕೊಟ್ಟಿತು!"

ಇದು ಖರೆ ಸಂಗತಿ. ಹೊಳಬಸಪ್ಪ ಚಹಾ ಸೋಸುವುದನ್ನೇ ಮರೆತ. ಶಿವಯೋಗೆಪ್ಪನವರು ಕನ್ನಡಕ ಏರಿಸಿದರು. ಇನ್ನು ಊರಿನ ಸಂಗತಿ ಬಾಕಿ ಇತ್ತು.

"ಆ ನಾಯಿ ನಮ್ಮ ಮುಧೋಳ ಜಾತೀದ್ರೀ!" ಅಂದೇಬಿಟ್ಟ ಭೀಮಶಿ.

ಸಿಳ್ಳೆ ಬಿದ್ದವು. ಗುರಪ್ಪ ಮಾತ್ರ ಸಿಳ್ಳೆ ಹಾಕಲಿಲ್ಲ. ಅವನಿಗೂ ಮೈಕ್ ಬೇಕಿತ್ತು. ಕಿಸೆಯಿಂದ ಬೀರೇಶ್ವರನ ಭಂಡಾರದ ಚೀಲ ತೆಗೆದು ಮೇಜಿನ ಮೇಲಿಟ್ಟ.

"ಭಂಡಾರ ಮುಟ್ಟಿ ಹೇಳಲೇ ಭೀಮಶಿ."

ಭಂಡಾರವೆಂದರೆ ಬರೀ ಅರಿಶಿನ ಪುಡಿಯೇ? ಅದನ್ನು ಮುಟ್ಟಿ ಸುಳ್ಳಾಡಿದವನ ಹಟ್ಟಿಯಲ್ಲಿ ಕುರಿ ಮರಿ ಹಾಕುವುದಿಲ್ಲವೆಂದು ಭೀಮಶಿಯ ಅವ್ವ ಸಿದ್ದಕ್ಕ ಹೇಳುತ್ತಿದ್ದಳು.

"ಕೈ ಎಂಜಲಾಗೇತಿ" ಎಂದ. ಹೊಳಬಸಪ್ಪ ತಂಬಿಗೆ ನೀರು ತಂದ.

"ಜಳಕಾ ಮಾಡಿಲ್ಲೋ ಮಾರಾಯಾ."

"ಹಿಂದ ನಳ ಐತಿ. ಟವೆಲ್ ನಾ ಕೊಡ್ತೇನಿ" ಎಂದ ಗುರಪ್ಪ.

ಚಳಿಗಾಲದ ಮುಂಜಾನೆ, ತಣ್ಣೀರು. ಭೀಮಶಿ ಜಳಕ ಮುಗಿಸಿ ನಡುಗುತ್ತ ಬರುವಷ್ಟರಲ್ಲಿ ಅಂಗಡಿಯ ಮುಂದೆ ಇನ್ನಷ್ಟು ಜನ ಕೂಡಿದ್ದರು.

ಭಂಡಾರದ ಮುಂದೆ ನಿಂತಾಗ ಅವನಿಗೆ ಖರೇನೇ ನಾಚಿಕೆಯಾಯಿತು. ಎಂಥ ಚೆಂದದ ಸಂಗತಿಯಿತ್ತು! ಅಷ್ಟಕ್ಕೇ ಬಿಡದೆ, ಎಲ್ಲಿಯದೋ ಬಡ ನಾಯಿ ಗಳಿಸಿದ ಹೆಸರನ್ನು ತಾನು ಕದ್ದಿದ್ದ. ಕಪ್ ಕದ್ದವನಿಗಿಂತ ತಾನೇನು ಮೇಲು?

"ಸುಳ್ಳರೀ ಮಾಸ್ತರ," ಎಂದ. "ನಾಯಿ ಮುಧೋಳದ್ದಲ್ಲ. ಉಳಿದದ್ದೆಲ್ಲಾ ಖರೆ."

ಎದೆ ಹಗುರಾಯಿತು. ಅಷ್ಟರಲ್ಲಿ ಗುರಪ್ಪ ನಕ್ಕ. "ಉಳಿದದ್ದು ಯಾವದಲೇ ಖರೆ? ನಾಯಿ ಮೂಸಿ ಹುಡುಕಾಕ ವರ್ಲ್ಡ್ ಕಪ್ ಏನು ರೊಟ್ಟಿ ತುಣಕಾ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. "ಅದನ್ನ ಮುಟ್ಟಿ ಹೇಳ್ತೇನಿ!" ಎಂದು ಭೀಮಶಿ ಕೈ ಚಾಚಿದ. ಚೀಲ ಆಗಲೇ ಗುರಪ್ಪನ ಕಿಸೆ ಸೇರಿತ್ತು. "ಸುಳ್ಳಾಡಿದವನ ಕೈಗೆ ಕೊಡಂಗಿಲ್ಲ" ಎಂದ.

ಶಿವಯೋಗೆಪ್ಪನವರು ಎದ್ದರು. "ತಪ್ಪು ಒಪ್ಪಕೊಂಡಿ, ಛಲೋ ಮಾಡಿದಿ ತಮ್ಮಾ. ಆದ್ರ ಮೈಕ್ ಖರೆ ಹೇಳಾವರ ಕೈಯಾಗ ಇರಬೇಕು. ಗುರಪ್ಪ ಹಿಡೀಲಿ."

ಸಂಜೆ ಮೈದಾನದ ಅಂಚಿನಲ್ಲಿ ಭೀಮಶಿ ಮಾಲಾಳ ಪಕ್ಕ ಕುಳಿತಿದ್ದ. ತಣ್ಣೀರಿನ ಜಳಕಕ್ಕೆ ಗಂಟಲು ಪೂರಾ ಕಟ್ಟಿತ್ತು. ಮೈಕ್ ತಪ್ಪಿದ್ದೇಕೆಂದು ಅವಳು ಕೇಳಿದಾಗ ಗಂಟಲು ತೋರಿಸಿದ. ಅವಳು ನಂಬಿದಳು.

ಅರ್ಧ ಆಟ ಮುಗಿದರೂ ಒಂದೂ ಗೋಲಿಲ್ಲ. ಜನ ಏಳತೊಡಗಿದರು. ಗುರಪ್ಪನಿಗೆ ಹೇಳಲು ಏನೂ ಉಳಿದಿರಲಿಲ್ಲ. ಮೈಕಿನಲ್ಲಿ ಎರಡು ಸಲ ಕೆಮ್ಮಿದ.

"ಕೂಡ್ರಿ, ಕೂಡ್ರಿ! ಅರವತ್ತಾರನೇ ಇಸವಿಯಾಗ ಕಳುವಾದ ವರ್ಲ್ಡ್ ಕಪ್ ಹುಡುಕಿಕೊಟ್ಟ ನಾಯಿ ಯಾವೂರದು ಗೊತ್ತೇನ್ರಿ? ನಮ್ಮ ಮುಧೋಳದ್ರೀ!"

ಮೈದಾನವೆಲ್ಲ ಸಿಳ್ಳೆ. ಎದ್ದವರು ಕುಳಿತರು. ವೇದಿಕೆಯ ಮೇಲೆ ಶಿವಯೋಗೆಪ್ಪನವರೂ ಚಪ್ಪಾಳೆ ತಟ್ಟಿದರು.

ಭೀಮಶಿ ಧಡಕ್ಕನೆ ಎದ್ದ. "ಭಂಡಾರ ಮುಟ್ಟಿ ಹೇಳಲೇ ಗುರಪ್ಪಾ!" ಎಂದು ಕೂಗಲು ಹೋದ. ಬಾಯಿ ತೆರೆಯಿತು, ದನಿ ಹೊರಡಲಿಲ್ಲ.

ಮಾಲಾ ಅಂಗಿ ಹಿಡಿದು ಜಗ್ಗಿದಳು. "ಸುಮ್ನ ಕೂಡ್ರಿ. ಗುರಪ್ಪಣ್ಣಗ ಎಷ್ಟು ಗೊತ್ತೈತಿ ನೋಡ್ರಿ! ನೀವೂ ಇಂಥಾವು ನಾಕು ಕಲತಿದ್ರ, ಗಂಟಲು ಹೆಂಗಿದ್ರೂ ನಿಮ್ಮನ್ನ ಕರೀತಿದ್ರು."