ಅಶ್ವತ್ಥನಾರಾಯಣರ ಬೇಲಿ ಮುಹೂರ್ತ

“ಶನಿವಾರ ಸಂಜೆಯೊಳಗೆ ನಮ್ಮ ಅವರೆಗೆ ಬೇಲಿ ಬಿದ್ದಿರುತ್ತೆ. ಆಮೇಲೆ ಕೋಳಿ ಏನು, ಗಾಳಿಯೂ ನನ್ನನ್ನ ಕೇಳಿ ಒಳಗೆ ಬರಬೇಕು!”

ಸಿಂಗಪುರದ ಕ್ಲೆಮೆಂಟಿಯ ಫ್ಲ್ಯಾಟಿನಲ್ಲಿ ಕಾಫಿ ಲೋಟ ಎತ್ತಿ ಅಶ್ವತ್ಥನಾರಾಯಣರು ಹೀಗೆ ಘೋಷಿಸಿದಾಗ ಹೆಂಡತಿ ಪದ್ಮಜಾ ಎದುರಾಡಲಿಲ್ಲ. ಉಬಿಯ ವರ್ಕ್‌ಶಾಪಿನಲ್ಲಿ ಕಬ್ಬಿಣಕ್ಕೆ ತೂತು ಕೊರೆಯುವ ಮಷೀನುಗಳ ನಡುವೆಯೇ ತಲೆ ನರೆಸಿಕೊಂಡ ಎಂಜಿನಿಯರಿಗೆ ಮಣ್ಣು ಯಾವ ಲೆಕ್ಕ ಎಂದು ಪಾಪ, ಅವರೂ ನಂಬಿದ್ದರು.

ಕ್ರಾಂಜಿಯ ಫಾರ್ಮೊಂದರಲ್ಲಿ ದಂಪತಿಗೆ ಬಾಡಿಗೆಯ ತುಂಡು ನೆಲವಿತ್ತು. ಅಲ್ಲಿ ಹಾಕಿದ್ದು, ಮಳವಳ್ಳಿಯ ಹತ್ತಿರ ಅಶ್ವತ್ಥನಾರಾಯಣರ ಅಪ್ಪ ಬೆಳೆಯುತ್ತಿದ್ದ ಸೊಗಡವರೆಯ ಬೀಜ. ಅಪ್ಪನೂ ಇಲ್ಲ, ಆ ಹೊಲವೂ ಈಗ ಬೇರೆಯವರದು. ಅಕ್ಕ ಸುನಂದಾ ಡಬ್ಬಿಯಲ್ಲಿ ಕಾಪಾಡಿಕೊಟ್ಟ ಬೀಜವಷ್ಟೇ ಉಳಿದಿತ್ತು. ಮೊಳೆತದ್ದನ್ನೆಲ್ಲ ಕಾಡುಕೋಳಿಗಳು ಕೆದಕಿ ತಿಂದು, ಒಂದೇ ಒಂದು ಪಾತಿ ಬಿಟ್ಟಿದ್ದವು. ಅದೂ ಹೋದರೆ ಅಪ್ಪನ ಅವರೆ ಹೋದಂತೆಯೇ.

ಅಪ್ಪ ಬೇಲಿ ಹಾಕುವಾಗ ಹಾರೆಯಿಂದ ಗುಂಡಿ ತೋಡುತ್ತಿದ್ದರು. ಹುಡುಗ ಅಶ್ವತ್ಥ ಮೊಣಕಾಲೂರಿ ತೆಂಗಿನ ಚಿಪ್ಪಿನಲ್ಲಿ ಮಣ್ಣು ಮೊಗೆಯುತ್ತಿದ್ದ. ಒದ್ದೆ ಮಣ್ಣಿನ ಆ ವಾಸನೆ ಅವರ ಮೂಗಿನಿಂದ ಇನ್ನೂ ಹೋಗಿಲ್ಲ. ಈಗ ಹಾರೆ ಎಲ್ಲಿ! ಫಾರ್ಮಿನ ಮಾಲೀಕ ಲಿಮ್ ಅಂಕಲ್ ಸಂಜೆಯವರೆಗೆ ಕೊಟ್ಟ ಟ್ರಾಕ್ಟರಿನ ಹಿಂದೆ ಆಳೆತ್ತರದ ತಿರುಪು. ಲಿವರ್ ಎಳೆದರೆ ಗರಗರನೆ ನೆಲಕ್ಕಿಳಿದು ಮಣ್ಣು ಹೊರಗೆಸೆಯುತ್ತದೆ.

ರಸ್ತೆ ಕಡೆಯ ಮೂಲೆಯ ಮೊದಲ ಗುಂಡಿಗೆ, ಮದುವೆಯ ಹಂದರಗಂಬಕ್ಕೆ ಮಾಡುವಂತೆ, ಪದ್ಮಜಾ ಹಾಲು ಹೊಯ್ದು ನವಧಾನ್ಯ ಹಾಕಿ ಕಂಬಕ್ಕೆ ಅರಿಶಿನ ಕುಂಕುಮ ಹಚ್ಚಿದರು. ಬಾಗಿಲು ವಾಸ್ತು ಪ್ರಕಾರ ಈಶಾನ್ಯಕ್ಕೆ, ಕೈಗಾಡಿ ನುಸುಳುವಷ್ಟೇ ಅಗಲ. ಯಜಮಾನರು ಟ್ರಾಕ್ಟರಿನ ಮೇಲೆ ದಿಗ್ವಿಜಯಕ್ಕೆ ಹೊರಟ ಅರಸನಂತೆ ಕೂತು ಗುಂಡಿ ತೋಡುತ್ತ ಹೋದರು. ಹಿಂದಿನಿಂದ ಹೆಂಡತಿ, ಮಗಳು ಸಂಹಿತಾ ಕಂಬ ನೆಟ್ಟು ಬಲೆ ಬಿಗಿಯುತ್ತ ಬಂದರು. ಸಂಜೆಗೆ ಬೇಲಿ ಮುಗಿಯಿತು. ಮೂವರೂ ಹೊರಗೆ ನಿಂತು ಸೊಬಗು ನೋಡಿದರು.

“ಅಪ್ಪಾ, ಸೂಪರ್ ಆಗಿದೆ. ಆದ್ರೆ ಟ್ರಾಕ್ಟರ್ ಹೊರಗೆ ಹೇಗೆ ಬರುತ್ತೆ ಲಾ?” ಎಂದಳು ಸಂಹಿತಾ, ಸಿಂಗಪುರದ ಧಾಟಿಯಲ್ಲಿ.

ಟ್ರಾಕ್ಟರು ಬೇಲಿಯೊಳಗೆ ಕೋಳಿಗಳ ಭಯವಿಲ್ಲದೆ ಕ್ಷೇಮವಾಗಿತ್ತು!

ಆಗ ಅಶ್ವತ್ಥನಾರಾಯಣರಿಗೆ ನೆನಪಾಯಿತು. ಕೊನೆಯ ಗುಂಡಿಗೆ ಮೊದಲು ಅಪ್ಪ ಎತ್ತಿನಗಾಡಿಯನ್ನು ಹೊರಗೆ ಹೊಡೆಸುತ್ತಿದ್ದರು. ಹೊಡೆಯುತ್ತಿದ್ದವನೂ ಈ ಅಶ್ವತ್ಥನೇ. ಮಣ್ಣಿನ ವಾಸನೆ ನೆನಪಿಟ್ಟುಕೊಂಡ ಮಹಾನುಭಾವರು ಗಾಡಿಯನ್ನು ಮರೆತಿದ್ದರು.

ಅಷ್ಟರಲ್ಲಿ ಲಿಮ್ ಅಂಕಲ್ ಬಂದರು. ಬೇಲಿಯನ್ನು ಒಂದು ಸುತ್ತು ಹಾಕಿ, ಒಳಗೆ ಟ್ರಾಕ್ಟರನ್ನೂ ಬೆಳೆಸುವ ಯೋಚನೆಯಿದೆಯೇ ಎಂದು ವಿನಯದಿಂದ ವಿಚಾರಿಸಿದರು.

ಉಳಿದ ಕಡೆಯೆಲ್ಲ ಚರಂಡಿ. ದಾರಿ ಇದ್ದದ್ದು ಮುಹೂರ್ತದ ಕಂಬವಿದ್ದ ಮೂಲೆಯಲ್ಲಿ ಮಾತ್ರ.

“ಪೂಜೆ ಮಾಡಿದ ಕಂಬ ಕಣ್ರೀ, ಅದೇ ದಿನ ಕೀಳ್ತಾರಾ?” ಎಂದರು ಪದ್ಮಜಾ.

“ಹಾಗಾದ್ರೆ ಟ್ರಾಕ್ಟರಿಗೂ ಒಂದು ಆರತಿ ಎತ್ತಿಬಿಡು, ಇಲ್ಲೇ ಇರಲಿ.”

ಕೊನೆಗೆ ಪದ್ಮಜಾ ಕಂಬಕ್ಕೆ ಕೈಮುಗಿದು ತಪ್ಪಾಯಿತೆಂದರು, ಕಂಬ ಕಿತ್ತರು. ಯಜಮಾನರು ಟ್ರಾಕ್ಟರನ್ನು ಮೂಲೆಯತ್ತ ತಿರುಗಿಸಬೇಕಿತ್ತು. ಹಿಂದೆ ತೆಗೆದರು, ಮುಂದೆ ತಂದರು, ಮತ್ತೆ ಹಿಂದೆ. ಹೊರಬಂದು ವಿಜಯೋತ್ಸಾಹದಿಂದ ತಿರುಗಿ ನೋಡಿದರೆ, ಅವರೆಯ ಪಾತಿಯಿದ್ದ ಜಾಗದಲ್ಲಿ ಚಕ್ರದ ಅಚ್ಚು.

ಪದ್ಮಜಾ ಅಚ್ಚಿನ ಮೇಲೆ ಬಗ್ಗಿ ನೋಡಿ ಮೆಲ್ಲಗೆ ಅಂದರು: “ಕೋಳಿ ಆಗಿದ್ರೆ ನಾಲ್ಕು ಗಿಡನಾದ್ರೂ ಬಿಡ್ತಿತ್ತು.”

ಅಶ್ವತ್ಥನಾರಾಯಣರಿಗೆ ಅಳು ಬಂತು. ಸಡಿಲವಾಗಿದ್ದ ಹಳೆಯ ಗುಂಡಿಯನ್ನು ಮುಚ್ಚಿ, ಕಂಬವನ್ನು ಅದಕ್ಕಿಂತ ಒಂದಡಿ ಒಳಗೆ ನೆಟ್ಟರು. ಒಂದೆರಡು ವಾರ ಆ ಕಡೆ ತಲೆಯನ್ನೇ ಹಾಕಲಿಲ್ಲ.

ಆಮೇಲೆ ಒಂದು ಭಾನುವಾರ ಹೋಗಿ ನೋಡಿದರೆ, ಮುಚ್ಚಿದ ಗುಂಡಿಯಲ್ಲಿ ನವಧಾನ್ಯ ಮೊಳೆತಿತ್ತು. ನಡುವೆ ಒಂದು ಅವರೆ ಬಳ್ಳಿ ಬಲೆಗೆ ಕೈಚಾಚಿತ್ತು. ನವಧಾನ್ಯದ ಅವರೆಗೆಂದು ತಾನು ಕೈಹಾಕಿದ್ದು ಮಾವನವರ ಬೀಜದ ಡಬ್ಬಿಯ ತಳದಲ್ಲಿ ಉಳಿದಿದ್ದ ಕೊನೆಯ ಕಾಳುಗಳಿಗೇ ಎಂದು ಪದ್ಮಜಾ ಆಗ ಬಾಯಿಬಿಟ್ಟರು. ಅಶ್ವತ್ಥನಾರಾಯಣರು ಎಲೆ ಮುಟ್ಟಿ ಮೂಸಿದರು. ಅಪ್ಪನ ಹೊಲವೇ.

ಈಗ ಬೆಳಗಾದರೆ ಅವರು ಅಲ್ಲಿ ಸ್ಟೂಲ್ ಹಾಕಿ ಕೂತಿರುತ್ತಾರೆ, ಕೈಯಲ್ಲೊಂದು ಕೋಲು. ಚಿಕ್ಕಂದಿನಲ್ಲಿ ಅಪ್ಪನ ಹೊಲದಲ್ಲಿ ಹಕ್ಕಿ ಓಡಿಸುತ್ತಿದ್ದಂತೆಯೇ “ಹುಶ್, ಹುಶ್” ಎನ್ನುತ್ತ ಕೋಳಿ ಓಡಿಸುತ್ತಾರೆ. ಏಕೆಂದರೆ ಬಳ್ಳಿ ಬೆಳೆದಿರುವುದು ಬೇಲಿಯ ಆಚೆ!